ಇನ್ನೊಬ್ಬರ ಹೆಸರಿನ ಗಾಡಿ

ಆ ಗಾಡಿಯನ್ನು ನಾನು ಮೊದಲು ನೋಡಿದಾಗ ಅದರೊಳಗೆ ಒಬ್ಬ ಹುಡುಗಿ ಕುಳಿತು ಲೆಕ್ಕ ಬಿಡಿಸುತ್ತಿದ್ದಳು.

ಭಾಲ್ಕಿಯಿಂದ ಸ್ವಲ್ಪ ಒಳಗಿರುವ ಹಳ್ಳಿ. ಬೇವಿನ ಮರದ ಕೆಳಗೆ ಬೂದು ಬಣ್ಣದ ಎಸ್‌ಯುವಿ ನಿಂತಿತ್ತು. ತೀರ ದೊಡ್ಡದಲ್ಲ. ಕಾರಿಗಿಂತ ಎತ್ತರ, ಜೀಪಿಗಿಂತ ಗಿಡ್ಡ. ಔರಾದಿನ ರಸ್ತೆಗೆ ಅಷ್ಟು ಎತ್ತರ ಬೇಕು ಎಂದು ನನ್ನ ಕಾಕಾ ಹೇಳಿದ್ದರು. ಗಾಳಿಗಾಗಿ ನಾಲ್ಕೂ ಬಾಗಿಲುಗಳನ್ನು ತೆರೆದಿಟ್ಟಿದ್ದರು. ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕುಳಿತಿದ್ದ ಹುಡುಗಿ ನಮ್ಮನ್ನು ಕಂಡು ಪುಸ್ತಕ ಮುಚ್ಚಿದಳು, ಆದರೆ ಕೆಳಗಿಳಿಯಲಿಲ್ಲ.

"ಇಳೀ, ಗಾಡಿ ನೋಡಾಕ ಬಂದಾರ," ಎಂದ ಅವಳ ತಂದೆ. ಗಾಡಿ ಅವನದು. ಬಿಳಿ ಬೋರ್ಡಿನದಾದರೂ ಮದುವೆ, ಆಸ್ಪತ್ರೆ ಎಂದು ಪರಿಚಯದವರನ್ನು ಕರೆದೊಯ್ದು ಎರಡು ವರ್ಷ ಅದರ ಮೇಲೆ ಸಂಸಾರ ನಡೆಸಿದ್ದ. ನಮಗೆ ವಿವರಿಸುವಂತೆ ಹೇಳಿದ: "ಮನ್ಯಾಗ ಗದ್ದಲ ಭಾಳರಿ. ಹತ್ತನೇತ್ತ ಅದಾಳ. ಅದರಾಗೇ ಕುಂತು ಓದ್ತಾಳ."

ಗಾಡಿಯ ಮೈಮೇಲೆ ಒದ್ದೆ ಬಟ್ಟೆ ಎಳೆದ ಗುರುತುಗಳಿದ್ದವು. ತೊಳೆದಿಲ್ಲ ಎಂಬುದಕ್ಕೆ ಅವನು ತಾನಾಗಿಯೇ ಕ್ಷಮೆ ಕೇಳಿದ. ಟ್ಯಾಂಕರ್ ಬಂದು ನಾಲ್ಕು ದಿನವಾಗಿತ್ತಂತೆ. ಎರಡನೇ ವರ್ಷವೂ ಮುಂಗಾರು ಸರಿಯಾಗಿ ಬಂದಿರಲಿಲ್ಲ. ಮದುವೆಗಳು ಮುಂದಕ್ಕೆ ಹೋಗಿದ್ದವು. ಬಾಡಿಗೆ ಕೇಳುವವರು ಇರಲಿಲ್ಲ.

ಕಾಕಾ ಬಾನೆಟ್ ಎತ್ತಿದರು, ಆಯಿಲ್ ಕಡ್ಡಿ ತೆಗೆದು ಮೂಸಿದರು, ಟೈರಿಗೆ ಒದ್ದರು. ಅವರಿಗೆ ಗಾಡಿಗಳ ಬಗ್ಗೆ ಏನೂ ಗೊತ್ತಿಲ್ಲ ಎಂದು ನನಗೂ ಮಾರುವವನಿಗೂ ತಿಳಿಯಿತು. ಅವನು ಗೌರವದಿಂದ ಬಾನೆಟ್ ಹಿಡಿದುಕೊಂಡು ನಿಂತ.

ಕಾಗದಕ್ಕೆ ಸಹಿ ಮಾಡುವಾಗ ಅವನು ನನ್ನ ಕಡೆ ತಿರುಗಿ ಹೇಳಿದ. "ಮೇಡಂ, ಹೆಸರು ಮಾತ್ರ ಲಗೂನ ಮಾಡಿಸ್ಕೋರಿ. ಈ ವರ್ಸ ಲಿಸ್ಟ್ ತೆಗೀಲತ್ತಾರಂತ. ಯಾರ ಹೆಸರೀಲೆ ಬಿಳಿ ಬೋರ್ಡ್ ಗಾಡಿ ಅದ, ಅವರ ರೇಶನ್ ಕಾರ್ಡ್ ರದ್ದು. ನಾನೂ ಹೆಂಡ್ತೀನೂ ಹೈದರಾಬಾದಿಗೆ ಹೊಂಟೀವಿ. ಈಕಿ ತನ್ನ ಅಜ್ಜಿ, ನಮ್ಮ ಆಯಿ ಕೂಡ ಇಲ್ಲೇ ಇದ್ದು ಹತ್ತನೇತ್ತ ಮುಗಿಸ್ಲಿ ಅಂತ. ಕಾರ್ಡಿನ ಅಕ್ಕಿ ಇದ್ರ ಇವರಿಬ್ಬರದು ನಡೀತದ. ಇಲ್ಲಂದ್ರ ಈಕೀನೂ ಕರ್ಕೊಂಡ ಹೋಗಬೇಕಾಗ್ತದ."

"ಈ ವಾರವೇ ಮಾಡಿಸುತ್ತೇನೆ," ಎಂದೆ. ಆ ಮಾತು ಹೇಳುವಾಗ ನನ್ನ ಮನಸ್ಸಿನಲ್ಲಿ ಸುಳ್ಳಿರಲಿಲ್ಲ.

ಹುಡುಗಿ ಕೊನೆಗೆ ಇಳಿದಳು. ಸೀಟಿನ ಸಂದಿಯಿಂದ ಒಂದು ಕಂಪಾಸ್ ಪೆಟ್ಟಿಗೆ ಹೊರತೆಗೆದಳು. ಮತ್ತೊಮ್ಮೆ ಬಗ್ಗಿ ಹುಡುಕಿ ಒಂದು ರಬ್ಬರು ತೆಗೆದಳು.

ಬೀದರಿಗೆ ಮರಳುವಾಗ ಹಲಬರ್ಗಾ ದಾಟುತ್ತಿದ್ದಂತೆ ಕಾಕಾ ಬಾಯಿ ತೆರೆದರು. "ಹೆಸರಿಗೆ ಗಡಿಬಿಡಿ ಮಾಡಬ್ಯಾಡ. ಇಲ್ಲಿ ಯಾರು ಮಾಡಿಸ್ತಾರ? ನನ್ನ ಮೋಟಾರ್ ಸೈಕಲ್ ಇವತ್ತಿಗೂ ಬಗದಲ್‌ನಾಂವನ ಹೆಸರೀಲೇ ಅದ. ಅಂವ ಸತ್ತು ಎಷ್ಟ್ ವರ್ಸ ಆಯ್ತು."

"ಅವರು ಕೇಳಿಕೊಂಡಿದ್ದಾರೆ ಕಾಕಾ."

"ಕೇಳ್ತಾರ. ನಿಮ್ಮವ್ವನ ಕಾರ್ಡ್ ನೆನಪದ ಏನು? ಒಂದೇ ಮನಿ, ಒಂದೇ ಕಾರ್ಡ್, ಅದರಾಗ ನಿನ್ನ ಹೆಸರೂ ಅದ. ಗಾಡಿ ನಿನ್ನ ಹೆಸರಿಗೆ ಬಂತು ಅಂದ್ರ ಅದು ಹೋಯ್ತು. ಮಾರ್ಚಿನ್ಯಾಗ ಇನ್ಸೂರನ್ಸ್ ಮುಗೀತದ, ಎರಡೂ ಕೂಡೇ ಮಾಡಸಂತಿ."

ಮಾರ್ಚಿಗೆ ಇನ್ನೆಷ್ಟು ತಿಂಗಳಿವೆ ಎಂದು ನಾನು ಮನಸ್ಸಿನಲ್ಲೇ ಎಣಿಸಿದೆ.

ನೌಬಾದದ ನಮ್ಮ ಮನೆಯಲ್ಲಿ ಆಗ ಅವ್ವ ಮತ್ತು ನಾನು ಇಬ್ಬರೇ. ಅಪ್ಪ ಬೀದರಿನ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ, ಅವರು ಯಾವಾಗಲೋ ಕೊಂಡಿಟ್ಟಿದ್ದ ಪ್ಲಾಟು ಮಾರಿ ಈ ಗಾಡಿ ತೆಗೆದುಕೊಂಡೆವು. ಅವ್ವನ ಕಾರ್ಡು ಅಪ್ಪ ಇದ್ದ ಕಾಲದ್ದು. ನಾನು ಔರಾದಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ ಮೇಲೆ ಆ ಅಕ್ಕಿಯನ್ನು ನಾವು ಉಣ್ಣುತ್ತಿರಲಿಲ್ಲ. ಅವ್ವ ಪ್ರತಿ ತಿಂಗಳು ಸರದಿಯಲ್ಲಿ ನಿಂತು ಹೆಬ್ಬೆಟ್ಟು ಒತ್ತಿ ತರುತ್ತಿದ್ದಳು, ಓಣಿಯ ತುದಿಯ ಇಡ್ಲಿ ಮಾಡುವ ಹೆಂಗಸಿಗೆ ಕೊಡುತ್ತಿದ್ದಳು. ಬದಲಿಗೆ ಅವಳು ಭಾನುವಾರ ಇಡ್ಲಿ ಕಳಿಸುತ್ತಿದ್ದಳು. ಕಾರ್ಡು ಯಾಕೆ ಬೇಕು ಎಂದು ಒಮ್ಮೆ ಕೇಳಿದ್ದೆ. "ಇರ್ಲಿ. ಇದ್ದದ್ದು ಯಾಕ ಬಿಡಬೇಕು?" ಎಂದಿದ್ದಳು.

ಗಾಡಿ ಯಾಕೆ ಬೇಕಾಯಿತು ಎಂಬುದನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಬಸ್ಸಿನ ಹೊತ್ತು ಹೊಂದುವುದಿಲ್ಲ ಎನ್ನುತ್ತಿದ್ದೆ. ಸಂಜೆ ಔರಾದಿನಿಂದ ಬೀದರಿಗೆ ಬರುವ ಬಸ್ಸು ಆ ವರ್ಷ ಗುಳೆ ಹೋಗುವವರಿಂದ ತುಂಬಿರುತ್ತಿತ್ತು. ಬೀದರಿನಲ್ಲಿ ಇಳಿದು ಅವರು ಹೈದರಾಬಾದಿನ ಬಸ್ಸು ಹಿಡಿಯಬೇಕು. ನಡುವಿನ ದಾರಿಯಲ್ಲಿ ಹಾಸಿಗೆಯ ಸುರುಳಿ, ಪಾತ್ರೆಯ ಚೀಲ, ಕಾಲು ಕಟ್ಟಿದ ಕೋಳಿ. ಒಂದು ಸಂಜೆ ನನ್ನದೇ ತರಗತಿಯ ಒಬ್ಬ ವಿದ್ಯಾರ್ಥಿನಿ ಗಂಟಿನ ಮೇಲೆ ಕುಳಿತಿದ್ದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅವಳೂ ಬೇರೆ ಕಡೆ ತಿರುಗಿದಳು. ಬೀದರಿನವರೆಗೆ ಹಾಗೇ ಬಂದೆವು. ಗಾಡಿ ಬೇಕು ಎಂದು ನಾನು ನಿರ್ಧರಿಸಿದ್ದು ಅಂದು.

ಗಾಡಿ ಒಳ್ಳೆಯದಿತ್ತು. ಎಡಗಡೆಯ ಮುಂದಿನ ಚಕ್ರದ ಬಳಿ ತಗ್ಗಿಗೆ ಇಳಿದಾಗ ಕಟಕಟ ಶಬ್ದ ಬರುತ್ತಿತ್ತು, ಅಷ್ಟೇ. ನಾವು ಬೌದ್ಧರು, ನಮ್ಮಲ್ಲಿ ನಿಂಬೆಹಣ್ಣು ಕಟ್ಟುವುದಿಲ್ಲ. ಬಂಪರಿಗೆ ಅವನು ಕಟ್ಟಿದ್ದ ನಿಂಬೆ ಮೆಣಸಿನಕಾಯಿಯ ಸರವನ್ನು ಅವ್ವ ಕತ್ತರಿಯಿಂದ ಬಿಡಿಸಿ ಗಿಡದ ಬುಡಕ್ಕೆ ಹಾಕಿದಳು. ಹುಡುಗಿಯ ಗುರುತು ಮಾತ್ರ ಉಳಿಯಿತು. ಚಾಲಕನ ಸೀಟಿನ ಬೆನ್ನಿನ ಪ್ಲಾಸ್ಟಿಕ್ಕಿನ ಮೇಲೆ ಅವಳು ಪೆನ್ಸಿಲಿನಲ್ಲಿ ಸೂತ್ರಗಳನ್ನು ಬರೆದಿದ್ದಳು. ಓದಲು ಕುಳಿತಾಗ ಕಣ್ಣೆದುರಿಗೇ ಇರಲಿ ಎಂದಿರಬೇಕು. ಕೆಳಗೆ ಒಂದು ಲೆಕ್ಕ ಅರ್ಧಕ್ಕೆ ನಿಂತಿತ್ತು. ಒರೆಸಬೇಕೆಂದು ಬಟ್ಟೆ ಹಿಡಿದವಳು ಒರೆಸಲಿಲ್ಲ.

ಬೆಳಿಗ್ಗೆ ಜನವಾಡಾ, ಸಂತಪುರ ದಾಟಿ ಔರಾದು. ಎರಡೂ ಕಡೆ ತೊಗರಿ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ಟಿತ್ತು. ಕಿಟಕಿ ಏರಿಸಿ ಎಸಿ ಹಾಕಿದರೆ ಏನೂ ಕೇಳಿಸುತ್ತಿರಲಿಲ್ಲ. ಸಂಜೆ ಔರಾದಿನ ಬಸ್‌ಸ್ಟ್ಯಾಂಡಿನ ಮುಂದೆ ಗಂಟುಗಳ ಪಕ್ಕ ಕುಳಿತವರು ಕೈ ಮಾಡುತ್ತಿದ್ದರು. ಮೊದಲ ವಾರ ಒಮ್ಮೆ ನಿಲ್ಲಿಸಿದೆ. ಆಮೇಲೆ ನಿಲ್ಲಿಸಲಿಲ್ಲ.

ಗಾಡಿ ಮಾರಿದವನು ಎರಡು ಸಲ ಫೋನ್ ಮಾಡಿದ. ಮೊದಲ ಸಲ ಹಿಂದೆ ಕಾಂಕ್ರೀಟ್ ಯಂತ್ರದ ಸದ್ದಿತ್ತು.

"ಮೇಡಂ, ಆಯ್ತೇನ್ರಿ ಹೆಸರು?"

"ಏಜೆಂಟರಿಗೆ ಕಾಗದ ಕೊಟ್ಟಿದ್ದೇನೆ."

ಕಾಗದ ನನ್ನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿತ್ತು. ಎರಡನೆಯ ಸಲ ಕೇಳಿದಾಗ, ಕಚೇರಿಯಲ್ಲಿ ತಡ ಮಾಡುತ್ತಿದ್ದಾರೆ ಎಂದೆ. "ಅವರು ಹಂಗೇರಿ," ಎಂದು ಅವನು ನನ್ನ ಪರವಾಗಿಯೇ ಬೇಸರಪಟ್ಟ. ನಾನು ಕಾಲೇಜಿನಲ್ಲಿ ಹಾಜರಿ ಪುಸ್ತಕದ ಒಂದು ತಪ್ಪು ಗೀಟನ್ನೂ ಬಿಡದವಳು. ದಿನಕ್ಕೆ ಎರಡು ಸಲ ಆ ಖಾನೆಯನ್ನು ತೆಗೆದು ಮುಚ್ಚುತ್ತಿದ್ದೆ.

ದೀಪಾವಳಿ ಕಳೆದು ಕೆಲವು ದಿನಗಳಾಗಿದ್ದವು. ಮಧ್ಯಾಹ್ನ ಕಾಲೇಜಿನಿಂದ ಹೊರಗೆ ಬಂದರೆ ಅವನು ಗಾಡಿಯ ಪಕ್ಕ ನಿಂತಿದ್ದ. ತೆಳ್ಳಗಾಗಿದ್ದ. ಬೆರಳುಗಳ ಸಂದಿಯಲ್ಲಿ ಸಿಮೆಂಟು ಬಿಳಿಯಾಗಿ ಒಣಗಿತ್ತು. ಹಿಂದಿನ ಟೈರನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದ.

"ಹವಾ ಕಮ್ಮಿ ಅದರಿ."

"ಯಾವಾಗ ಬಂದಿರಿ?"

"ಮುಂಜಾನೆ. ಆಯಿ ರೇಶನ್ ದುಕಾನಕ್ಕ ಹೋಗಿದ್ಳು. ಹೆಬ್ಬೆಟ್ಟು ಒತ್ತಿದ್ರ ಮಶೀನ್ ತಗೋಳವಲ್ದು. ನಿನ್ನ ಮಗ ಗಾಡಿ ಮಾಲಕ ಇದ್ದಾನಲ್ಲಬೇ, ನಿನಗ್ಯಾಕ ಅಕ್ಕಿ ಅಂದಾನಂತ ದುಕಾನದಾಂವ. ಎಲ್ಲಾರ ಮುಂದ." ಸ್ವಲ್ಪ ನಕ್ಕ. "ಗಾಡಿ ನಂದು, ಓಡ್ಸೋರು ನೀವು, ಪೆಟ್ರೋಲೂ ನಿಮ್ಮದೇ. ನನ್ನಂಥ ಸಾವಕಾರ ಯಾರಿದ್ದಾರ ಹೇಳ್ರಿ."

ಏಜೆಂಟ್ ಎಂಬ ಶಬ್ದ ಬಾಯಿಗೆ ಬಂದು ನಿಂತಿತು.

"ನಿಮ್ಮದೇ ತಪ್ಪಂತ ಅನ್ನಾಂಗಿಲ್ಲರಿ," ಎಂದ ಅವನು. "ಗಾಡಿ ಇದ್ದಾಗೂ ನಾ ಕಾರ್ಡ್ ಇಟ್ಕೊಂಡಿದ್ದೆ. ಅದು ನಂದು. ಈಗ ಗಾಡಿ ಇಲ್ಲ, ಕಾರ್ಡೂ ಇಲ್ಲ. ಇದು ನಿಮ್ಮದು."

ಖರ್ಚಿಗೆ ನಾನು ಕೊಡುತ್ತೇನೆ ಎಂದೆ. ಅವನು ಟೈರಿನಿಂದ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. "ನಮ್ಮ ಆಯಿ ತಗೋಳಂಗಿಲ್ಲರಿ. ಕಾರ್ಡಿನದು ಹಕ್ಕಿಂದು ಅಂತ ತಿಂತಿದ್ಳು. ಹೆಸರು ಮಾಡಸ್ರಿ, ಅಷ್ಟ ಸಾಕು."

ಮರುದಿನವೇ ರಜೆ ಹಾಕಿ ಆರ್‌ಟಿಓ ಕಚೇರಿಗೆ ಹೋದೆ. ಏಜೆಂಟರ ಅವಶ್ಯಕತೆಯೂ ಇರಲಿಲ್ಲ. ಕಾಗದಗಳು ಸರಿಯಾಗಿದ್ದವು. ನನ್ನ ಹೆಸರಿನ ಹೊಸ ಆರ್‌ಸಿ ಕೈಗೆ ಬರುವಾಗ ಡಿಸೆಂಬರ್ ಆಗಿತ್ತು. ಅದರ ಪ್ರತಿ ಹಿಡಿದು ಭಾಲ್ಕಿಯ ತಾಲೂಕು ಕಚೇರಿಗೆ ಹೋದೆ. ಗುಮಾಸ್ತ ಅದನ್ನು ಎರಡೂ ಬದಿ ನೋಡಿದ.

"ರದ್ದಾಗಿದ್ದು ರದ್ದೇರಿ. ಹೊಸಾದಕ್ಕ ಅರ್ಜಿ ಹಾಕಬೇಕು."

"ಹಾಕುತ್ತೇನೆ."

"ಈಗ ಹೊಸಾದು ತಗೋಳಾಂಗಿಲ್ಲ. ಮ್ಯಾಲಿಂದ ಬಂದ್ ಅದ. ಯಾವಾಗ ತೆರೀತದ ನಮಗೂ ಗೊತ್ತಿಲ್ಲ. ನೀವು ಆ ಮನಿಯವರಿಗೆ ಏನಾಗಬೇಕು?"

"ಏನೂ ಆಗಬೇಕಾಗಿಲ್ಲ," ಎಂದೆ.

ಕಚೇರಿಯಲ್ಲಿ ಆದದ್ದನ್ನು ಹೇಳಿಬರಲು ಅಲ್ಲಿಂದಲೇ ಹಳ್ಳಿಗೆ ಹೋದೆ. ಬರಿಗೈಯಲ್ಲಿ ಹೋಗಲಾಗದೆ ಬೆಳಿಗ್ಗೆಯೇ ಡಿಕ್ಕಿಯಲ್ಲಿ ಒಂದು ಚೀಲ ಅಕ್ಕಿ ಇಟ್ಟುಕೊಂಡಿದ್ದೆ. ಹಣವಲ್ಲ, ಅಕ್ಕಿ, ಒಮ್ಮೆ ಕೊಟ್ಟರೆ ಅಜ್ಜಿ ಬೇಡವೆನ್ನಲಿಕ್ಕಿಲ್ಲ ಎಂದು ಲೆಕ್ಕ ಹಾಕಿದ್ದೆ. ಅವ್ವ ಎರಡು ತಿಂಗಳಿಂದ ಇಡ್ಲಿಯವಳಿಗೆ ಕೊಡದೆ ಕೂಡಿಟ್ಟಿದ್ದನ್ನು ಅಡುಗೆಮನೆಯಿಂದ ಎತ್ತಿಕೊಂಡು ಬಂದಿದ್ದೆ. ಅದು ಯಾವ ಅಕ್ಕಿ ಎಂದು ನಾನು ಯೋಚಿಸಲಿಲ್ಲ. ನಿಜ ಹೇಳಬೇಕೆಂದರೆ, ಮನೆಯಲ್ಲಿ ಉಪಯೋಗಕ್ಕಿಲ್ಲದ ಅಕ್ಕಿ ಎಂದಷ್ಟೇ ಯೋಚಿಸಿದ್ದೆ.

ಮನೆಯ ಮುಂದೆ ಎರಡು ಗಂಟು ಕಟ್ಟಿಟ್ಟಿದ್ದರು. ಅಜ್ಜಿ ಕಟ್ಟೆಯ ಮೇಲೆ ಕುಳಿತಿದ್ದಳು. ಹುಡುಗಿ ಶಾಲೆಯಿಂದ ವರ್ಗಾವಣೆ ಪತ್ರ ತಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತುತ್ತಿದ್ದಳು. ಮಧ್ಯಾಹ್ನದ ರೈಲಿಗೆ ಇಬ್ಬರೂ ಹೊರಡುವವರಿದ್ದರು. ನಾನು ಚೀಲವನ್ನು ಕಟ್ಟೆಯ ಮೇಲಿಟ್ಟು, ದಾರಿಗೂ ಅಲ್ಲಿಗೂ ಆಗುತ್ತದೆ ಎಂದೆ.

ಅಜ್ಜಿ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿದಳು. ಒಂದು ಕಾಳನ್ನು ಹಲ್ಲಿನಿಂದ ಕಡಿದಳು.

"ಇದು ದುಕಾನದ ಅಕ್ಕಿ," ಎಂದಳು. ಆರೋಪದ ಧ್ವನಿಯಲ್ಲ, ಗುರುತು ಹಿಡಿದವರ ಧ್ವನಿ. "ನಿಮಗೂ ಕಾರ್ಡ್ ಅದ ಏನ್ ಯವ್ವಾ?"

ಹುಡುಗಿ ಸುತ್ತುವುದನ್ನು ನಿಲ್ಲಿಸಿದಳು.

"ಇದೆ," ಎಂದೆ.

"ಗಾಡಿ ಇದ್ರೂ?"

ನಾನು ಹೌದೆಂದು ತಲೆಯಾಡಿಸಿದೆ. ಅಜ್ಜಿ ಹಿಡಿಯಲ್ಲಿದ್ದುದನ್ನು ಒಂದು ಕಾಳೂ ಚೆಲ್ಲದಂತೆ ಚೀಲಕ್ಕೆ ಸುರಿದಳು. ದಾರವನ್ನು ಮೊದಲಿದ್ದಂತೆಯೇ ಕಟ್ಟಿದಳು. "ಒಯ್ಯವ್ವಾ. ಕೆಡಿಸಬ್ಯಾಡ," ಎಂದಳು.

ರೈಲು ನಿಲ್ದಾಣಕ್ಕೆ ಬಿಡುತ್ತೇನೆ ಎಂದಾಗ ಅವಳು ಮೊಮ್ಮಗಳ ಮುಖ ನೋಡಿದಳು. ಹುಡುಗಿ ಗಂಟುಗಳನ್ನು ಎತ್ತಿ ಡಿಕ್ಕಿಯಲ್ಲಿಟ್ಟಳು, ಅಕ್ಕಿಯ ಚೀಲದ ಪಕ್ಕ. ಹಿಂದಿನ ಬಾಗಿಲು ತೆಗೆದು ತನ್ನ ಹಳೆಯ ಜಾಗದಲ್ಲಿ ಕುಳಿತಳು. ಅಜ್ಜಿ ಮುಂದೆ ಕುಳಿತಳು.

ಭಾಲ್ಕಿಯ ದಾರಿಯಲ್ಲಿ ಕನ್ನಡಿಯಲ್ಲಿ ಹುಡುಗಿಯ ಹಣೆ ಮಾತ್ರ ಕಾಣುತ್ತಿತ್ತು. ತಲೆ ಬಗ್ಗಿಸಿ ನನ್ನ ಸೀಟಿನ ಬೆನ್ನನ್ನು ನೋಡುತ್ತಿದ್ದಳು.

"ಒರೆಸಿಲ್ಲ," ಎಂದೆ.

"ಹ್ಞೂಂರಿ." ಆಮೇಲೆ ಅವಳೇ ಕೇಳಿದಳು. "ಹಿಂದಿನ ಬೆಲ್ಟ್ ಇನ್ನೂ ಜಾಮ್ ಆಗ್ತದೇನ್ರಿ?"

"ಗೊತ್ತಿಲ್ಲ. ಹಿಂದೆ ಯಾರೂ ಕೂರುವುದಿಲ್ಲ."

"ಜೋರಿಲೆ ಎಳದ್ರ ಬರಂಗಿಲ್ಲರಿ. ಮೊದ್ಲ ಒಳಗ ಬಿಡಬೇಕು, ಆಮ್ಯಾಲ ಸಾವಕಾಶ ಎಳೀಬೇಕು." ಎಳೆದು ತೋರಿಸಿದಳು. ಪಟ್ಟಿ ಸದ್ದಿಲ್ಲದೆ ಹೊರಬಂದದ್ದು ನನಗೆ ಕೇಳಿಸಿತು. ಅದನ್ನು ಹಾಕಿಕೊಂಡೇ ಕುಳಿತಳು.

ಹೈದರಾಬಾದಿನಲ್ಲಿ ಶಾಲೆ ನೋಡಿದ್ದಾರೆಯೇ ಎಂದು ಕೇಳಿದೆ. ಅಜ್ಜಿ ಉತ್ತರಿಸಿದಳು: ಕಟ್ಟಡ ಕೆಲಸದ ಜಾಗದ ಹತ್ತಿರ ಇರುವುದು ತೆಲುಗು ಶಾಲೆ. ಬೇಸಿಗೆ ಕಳೆದ ಮೇಲೆ ನೋಡೋಣ ಎಂದಿದ್ದಾನೆ ಮಗ. ಪರೀಕ್ಷೆ ಮಾರ್ಚಿನಲ್ಲಿ ಎಂದು ಮೂವರಿಗೂ ಗೊತ್ತಿತ್ತು.

ನಿಲ್ದಾಣದಲ್ಲಿ ಅವರಂಥವರೇ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕುಳಿತಿದ್ದರು. ಹೊಸ ಆರ್‌ಸಿ ನನ್ನ ಕೈಚೀಲದಲ್ಲಿತ್ತು. ತೋರಿಸಲಿಲ್ಲ. ಹುಡುಗಿ ಗಂಟು ಇಳಿಸಿಕೊಂಡು, ಡಿಕ್ಕಿಯ ಬಾಗಿಲು ಸರಿಯಾಗಿ ಕೂತಿದೆಯೇ ಎಂದು ಅಂಗೈಯಿಂದ ಒತ್ತಿ ನೋಡಿದಳು. ಥೇಟ್ ಅವಳ ತಂದೆಯಂತೆ.

ಆ ತಿಂಗಳು ಅವ್ವನ ಹೆಬ್ಬೆಟ್ಟನ್ನು ಯಂತ್ರ ತೆಗೆದುಕೊಂಡಿತು. ಮುಂದಿನ ತಿಂಗಳೂ ತೆಗೆದುಕೊಂಡಿತು. ನಮ್ಮ ಹೆಸರನ್ನು ಯಾರೂ ಪಟ್ಟಿಯಲ್ಲಿ ಹುಡುಕಲಿಲ್ಲ. ಕೊನೆಗೆ ನಾನೇ ಕಾರ್ಡನ್ನು ಕಚೇರಿಗೆ ಒಯ್ದು ಕೊಟ್ಟೆ. ಅಲ್ಲಿದ್ದವನು ಇಂಥ ಅರ್ಜಿಯ ನಮೂನೆ ಎಲ್ಲಿದೆ ಎಂದು ಹುಡುಕಲು ಬಹಳ ಹೊತ್ತು ತೆಗೆದುಕೊಂಡ. ಅವ್ವ ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಕಾಕಾ ಇಂದಿಗೂ ಅದನ್ನು ನನ್ನ ಓದಿನ ಕೊಬ್ಬು ಎನ್ನುತ್ತಾರೆ. ಆ ಕಾರ್ಡು ಹೋದದ್ದರಿಂದ ಭಾಲ್ಕಿಯ ಮನೆಗೆ ಒಂದು ಕಾಳೂ ಬರಲಿಲ್ಲ.

ಮಾರ್ಚಿನಲ್ಲಿ, ಗಣಿತದ ಪರೀಕ್ಷೆಯ ದಿನ, ಔರಾದಿನ ಪ್ರೌಢಶಾಲೆಯ ಮುಂದೆ ಗಾಡಿ ನಿಧಾನ ಮಾಡಬೇಕಾಯಿತು. ಮಕ್ಕಳು ರಟ್ಟು ಹಿಡಿದುಕೊಂಡು ರಸ್ತೆ ದಾಟುತ್ತಿದ್ದರು. ಕೊನೆಯವಳು ದಾಟುವವರೆಗೂ ನಿಂತೆ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಸಂಜೆ ಬಸ್‌ಸ್ಟ್ಯಾಂಡಿನ ಮುಂದೆ ನಿಲ್ಲಿಸಿ, ಬೀದರಿಗೆ ಯಾರಾದರೂ ಬರುತ್ತೀರಾ ಎಂದು ಕೇಳಿದೆ. ಒಬ್ಬ ಹೆಂಗಸು ಮಗುವಿನೊಡನೆ ಹಿಂದೆ ಹತ್ತಿದಳು. ಬೆಲ್ಟನ್ನು ಎಳೆದಳು, ಬರಲಿಲ್ಲ.

"ಮೊದಲು ಒಳಗೆ ಬಿಡಿ," ಎಂದೆ. "ಆಮೇಲೆ ನಿಧಾನವಾಗಿ ಎಳೆಯಿರಿ."