ಗಟ್ಟಿಯಾಗಿ ಓದುತ್ತಿದ್ದ ಮುನಿರತ್ನಮ್ಮ

ಮುನಿರತ್ನಮ್ಮನವರು ಯಾವ ಕಾಗದವನ್ನೂ ಮನಸ್ಸಿನಲ್ಲೇ ಓದಿಕೊಂಡವರಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಹಾಳೆಯನ್ನು ಒಂದು ಮೊಳ ದೂರ ಹಿಡಿದು, ಎದುರಿಗೆ ಮೂವತ್ತು ಮಕ್ಕಳು ಕೂತಿದ್ದಾರೆ ಎನ್ನುವ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಎದುರಿಗೆ ಕೂತಿರುತ್ತಿದ್ದವರು ಮಕ್ಕಳಲ್ಲ. ನಾಲ್ವರು ಡಾಕ್ಟರು, ಇಬ್ಬರು ಪ್ರೊಫೆಸರು, ಒಬ್ಬರು ವಕೀಲರು. ಆಗ ಅವರ ಮುಖ ನೋಡಬೇಕಿತ್ತು. ಒಬ್ಬರು ಮೊಬೈಲು ಒತ್ತುವರು, ಇನ್ನೊಬ್ಬರು ಗಡಿಯಾರ ನೋಡುವರು, ಮತ್ತೊಬ್ಬರು ಟೀಯಲ್ಲಿ ಅದ್ದಿದ ಬಿಸ್ಕತ್ತು ಮುರಿದು ಬೀಳುವವರೆಗೂ ಸುಮ್ಮನೆ ಹಿಡಿದು ಕೂತಿರುವರು. ಮುನಿರತ್ನಮ್ಮ ಯಾರನ್ನೂ ಲೆಕ್ಕಕ್ಕಿಡದೆ ಪೂರ್ಣವಿರಾಮದವರೆಗೆ ಓದಿ, ಉಸಿರು ತೆಗೆದುಕೊಂಡು, ಮುಂದಿನ ಸಾಲಿಗೆ ಹೋಗುವರು. ಓದುವಾಗ ಒಂದೊಂದು ಅಕ್ಷರವೂ ಸ್ಫುಟ. ಸ್ವಂತ ಮಾತಿಗೆ ಇಳಿದರೆ ಮಾತ್ರ ಅವರ ಊರು ಅಮೃತಹಳ್ಳಿ ಎದ್ದು ಬರುತ್ತಿತ್ತು, ಹಕಾರಗಳೆಲ್ಲ ಮಾಯವಾಗುತ್ತಿದ್ದವು.

ಅದು ನಮ್ಮ ವಿಶ್ವವಿದ್ಯಾಲಯದ ಎಥಿಕ್ಸ್ ಕಮಿಟಿ. ವಿಶ್ವವಿದ್ಯಾಲಯ ಯಾವುದೆಂದು ಹೇಳುವುದಿಲ್ಲ. ಹೆಬ್ಬಾಳದ ಮೇಲ್ಸೇತುವೆ ಇಳಿದು ಏರ್‌ಪೋರ್ಟ್ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಅಂಥವು ಎಷ್ಟೋ ಇವೆ. ಮನುಷ್ಯರ ಮೇಲೆ ಏನೇ ಸಂಶೋಧನೆ ಮಾಡುವುದಿದ್ದರೂ, ಒಂದು ತೊಟ್ಟು ರಕ್ತ ತೆಗೆಯುವುದಿದ್ದರೂ, ಮೊದಲು ಈ ಕಮಿಟಿಗೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಕಮಿಟಿಯಲ್ಲಿ ದೊಡ್ಡ ಓದು ಓದಿದವರ ಜೊತೆಗೆ, ಸಂಸ್ಥೆಗೆ ಸಂಬಂಧವಿಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಬೇಕು, ಅವರಿಲ್ಲದೆ ಸಭೆ ನಡೆಯಬಾರದು ಎಂಬ ನಿಯಮವಿದೆ. ಒಳ್ಳೆಯ ನಿಯಮ. ಅದನ್ನು ಮಾಡಿದವರ ಮನಸ್ಸಿನಲ್ಲಿ ಏನಿತ್ತೋ, ನಮ್ಮ ಕಮಿಟಿಯ ಕಾರ್ಯದರ್ಶಿಗೆ ಮಾತ್ರ ಅದು ತುಂಬಬೇಕಾದ ಒಂದು ಖಾಲಿ ಕುರ್ಚಿಯಾಗಿತ್ತು. ಅಮೃತಹಳ್ಳಿಯ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಟೀಚರಾಗಿದ್ದು ನಿವೃತ್ತರಾದ ಹೆಂಗಸು, ಪೋಲಿಯೋ ಹನಿ ಹಾಕುವ ದಿನಗಳಲ್ಲಿ ನಮ್ಮ ವಿದ್ಯಾರ್ಥಿಗಳನ್ನು ಮನೆಮನೆಗೆ ಕರೆದೊಯ್ದಿದ್ದವರು, ತಂಟೆಯಿಲ್ಲದವರು ಎಂದುಕೊಂಡು ಮುನಿರತ್ನಮ್ಮನವರನ್ನು ಕರೆತಂದು ಕೂರಿಸಿದರು. ಟೀ ಕುಡಿದು ರುಜು ಹಾಕಿ ಹೋಗುತ್ತಾರೆ ಎಂಬ ಅಂದಾಜು ಅವರದು.

ಇದೆಲ್ಲ ನನಗೆ ಗೊತ್ತಿರುವುದು ನಾನೂ ಆ ಕೋಣೆಯ ಮೂಲೆಯಲ್ಲಿ ಕೂತಿರುತ್ತಿದ್ದುದರಿಂದ. ಮತ್ತಿಕೆರೆಯ ಬಾಡಿಗೆ ಕೋಣೆಯಿಂದ ಬಸ್ಸು ಬದಲಾಯಿಸಿ ಬರುತ್ತಿದ್ದ ಪಿಎಚ್.ಡಿ. ವಿದ್ಯಾರ್ಥಿನಿ ನಾನು. ನಮ್ಮ ಗೈಡ್ ಸರ್ ಮತ್ತು ಕಮಿಟಿಯ ಕಾರ್ಯದರ್ಶಿ ಒಂದೇ ವಿಭಾಗದವರು. ಹಾಗಾಗಿ ಫೈಲು ಜೋಡಿಸುವುದು, ಸಭೆಯ ನಡಾವಳಿ ಬರೆದುಕೊಳ್ಳುವುದು ನನ್ನ ತಲೆಗೆ ಬಿದ್ದಿತ್ತು.

ಎಲ್ಲ ಅರ್ಜಿಗಳ ಕೊನೆಯಲ್ಲೂ ಒಂದು ಕನ್ನಡದ ಹಾಳೆ ಇರುತ್ತದೆ. ಸಂಶೋಧನೆಗೆ ಒಳಗಾಗುವವರು ಓದಿ ರುಜು ಹಾಕಬೇಕಾದ ಒಪ್ಪಿಗೆ ಪತ್ರ. ಅದಕ್ಕೆ ಮುಂಚಿನ ನಲವತ್ತು ಪುಟ ಇಂಗ್ಲಿಷನ್ನು ಎಲ್ಲರೂ ತಿರುವಿ ಹಾಕುತ್ತಿದ್ದರು. ಆ ಕನ್ನಡದ ಹಾಳೆಯನ್ನು ಮುನಿರತ್ನಮ್ಮ ಒಬ್ಬರೇ ಓದುತ್ತಿದ್ದರು. ಒಮ್ಮೆ ಒಂದು ಔಷಧದ ಪತ್ರದಲ್ಲಿ ‘ಅಡ್ಡಪರಿಣಾಮಗಳು ಗಮನಾರ್ಹವಾಗಿರುವುದಿಲ್ಲ’ ಎಂದಿತ್ತು. ಮುನಿರತ್ನಮ್ಮ ಓದುವುದನ್ನು ನಿಲ್ಲಿಸಿದರು.

“ಯಾರು ಗಮನಿಸಲ್ಲ ಸಾರ್? ನೀವಾ, ವಾಂತಿ ಮಾಡ್ಕೊಳ್ಳೋಳಾ?”

ವಕೀಲರು ನಕ್ಕರು. ಡಾಕ್ಟರರು ನಗಲಿಲ್ಲ. ಪತ್ರ ವಾಪಸು ಹೋಯಿತು.

ಇನ್ನೊಂದು ಸಲ ಅವರು ಒಂದು ಒಪ್ಪಿಗೆ ಪತ್ರವನ್ನು ಮನೆಗೆ ಕೊಂಡೊಯ್ದು, ಬೀದಿಯಲ್ಲಿ ಹೂ ಕಟ್ಟುವ ಲಕ್ಷ್ಮಕ್ಕನಿಗೆ ಓದಿ ಹೇಳಿ, ಆಕೆಗೆ ಅರ್ಥವಾಗದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿಕೊಂಡು ಬಂದರು. ಹಾಳೆಯ ತುಂಬ ಗೀಟು. ಕಾರ್ಯದರ್ಶಿ ಸಿಡಿಮಿಡಿಗೊಂಡರು. “ಅಮ್ಮ, ಇವೆಲ್ಲ ಕಾನ್ಫಿಡೆನ್ಶಿಯಲ್. ಹೊರಗಡೆ ಯಾರಿಗೂ ತೋರಿಸೋ ಹಾಗಿಲ್ಲ.”

“ಅಂಥ ಎಂಗಸರ ಕೈಗೇ ಕೊಡೋ ಕಾಗದ ಅಲ್ವಾ ಸಾರ್ ಇದು? ಅವರಿಂದ್ಲೇ ಗುಟ್ಟು ಅಂದ್ರೆ ಎಂಗೆ?”

ನಿಜ ಹೇಳುತ್ತೇನೆ, ಆಗ ನನಗೆ ಆಕೆಯ ಮೇಲೆ ಸಿಟ್ಟೇ ಬರುತ್ತಿತ್ತು. ಸಭೆ ಉದ್ದವಾಗಿ ನನಗೆ ಬಸ್ಸು ತಪ್ಪುತ್ತಿತ್ತು. ಅದೂ ಅಲ್ಲದೆ ಅವರು ಎಲ್ಲ ಸಂಶೋಧಕರಿಗೂ ತಪ್ಪದೆ ಕೇಳುವ ಪ್ರಶ್ನೆಯೊಂದಿತ್ತು: “ರಕ್ತ ಕೊಟ್ಟೋರ ಎಸರು ನಿಮಗೆ ಗೊತ್ತಿರ್ತದಾ?” ಇಲ್ಲಮ್ಮ, ಹೆಸರು ಗುಟ್ಟಾಗಿರುತ್ತದೆ, ನಂಬರು ಮಾತ್ರ ಇರುತ್ತದೆ ಎಂದು ಸಂಶೋಧಕರು ಹೆಮ್ಮೆಯಿಂದ ಹೇಳಿದರೆ ಆಕೆ ತಲೆಯಾಡಿಸುತ್ತಿದ್ದರು. “ಬೇರೇರಿಗೆ ಗೊತ್ತಾಗ್ಬಾರ್ದು, ಸರಿ. ಸೂಜಿ ಚುಚ್ಚಿದೋರಿಗೆ ಗೊತ್ತಿರ್ಬೇಕು.” ಅಂಗನವಾಡಿಯಲ್ಲಿ ಮಗುವನ್ನು ತಕ್ಕಡಿಯಲ್ಲಿ ಕೂರಿಸುವ ಮೊದಲು ಅದರ ಹೆಸರು ಹಿಡಿದು ಕರೆಯುವುದು ಅವರ ಪದ್ಧತಿಯಂತೆ. ಹೆಸರು ಕರೆಯದೆ ತೂಗಿದರೆ ಅದು ಮಗುವಾಗಲ್ಲ, ಮೂಟೆಯಾಗುತ್ತೆ ಅನ್ನುತ್ತಿದ್ದರು. ನಾನು ಮೂಲೆಯಲ್ಲಿ ಮುಸಿಮುಸಿ ನಗುತ್ತಿದ್ದೆ.

ಈಗ ನನ್ನ ಕಥೆಗೆ ಬರಬೇಕು. ಬರಲು ಮನಸ್ಸಿಲ್ಲ, ಆದರೂ ಬರಬೇಕು.

ನಮ್ಮ ಗೈಡ್ ಸರ್ ಅವರ ಯೋಜನೆ ಕಟ್ಟಡ ಕೆಲಸದ ಹೆಂಗಸರ ಬಗ್ಗೆ. ಸಿಮೆಂಟು, ಬಣ್ಣ ಇವುಗಳ ಧೂಳಿನಿಂದ ಅವರ ರಕ್ತಕ್ಕೆ ಸೀಸದಂಥ ವಿಷ ಎಷ್ಟು ಸೇರಿದೆ ಎಂದು ನೋಡುವುದು. ನನ್ನ ಪಿಎಚ್.ಡಿ. ಅದರ ಮೇಲೆ ನಿಂತಿತ್ತು. ಜಕ್ಕೂರಿನ ಕಡೆ ಏಳುತ್ತಿದ್ದ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ತಗಡಿನ ಶೆಡ್ಡುಗಳಿದ್ದವು. ಯಾದಗಿರಿ, ರಾಯಚೂರು ಕಡೆಯಿಂದ ಬಂದ ಹೆಂಗಸರು ಅಲ್ಲಿದ್ದರು. ಅರ್ಜಿ ಇನ್ನೂ ಕಮಿಟಿಗೆ ಹೋಗಿರಲಿಲ್ಲ.

“ಶೋಭಾ, ಬಿಲ್ಡಿಂಗ್ ಮುಗೀತಾ ಬಂತು. ಅವರೆಲ್ಲ ಬೇರೆ ಸೈಟಿಗೆ ಹೋದ್ರೆ ಎಲ್ಲಿ ಹುಡುಕ್ತೀಯ?” ಅಂದರು ಸರ್. “ಮೊದಲು ಸ್ಯಾಂಪಲ್ ತಗೊಂಡು ಬಾ. ಅಪ್ರೂವಲ್ ಅನ್ನೋದು ಬರೀ ಫಾರ್ಮಾಲಿಟಿ.”

ಹೋದೆ. ಲ್ಯಾಬಿನ ಒಬ್ಬರನ್ನು ಕರೆದುಕೊಂಡು ಬೆಳಿಗ್ಗೆ ಏಳು ಗಂಟೆಗೆ, ಅವರು ಕೆಲಸಕ್ಕೆ ಇಳಿಯುವ ಮೊದಲು ಹೋದೆ. ಮೇಸ್ತ್ರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಒಪ್ಪಿಗೆ ಪತ್ರದಲ್ಲಿ ಅವನೇ ಹೆಸರು ಗೀಚಿದ, ನಾನು ಇಂಕ್ ಪ್ಯಾಡ್ ಹಿಡಿದೆ, ಅವರು ಹೆಬ್ಬೆಟ್ಟು ಒತ್ತಿದರು, ಲ್ಯಾಬಿನವರು ಸೂಜಿ ಚುಚ್ಚಿದರು. ಪತ್ರವನ್ನು ಒಬ್ಬರಿಗೂ ಓದಿ ಹೇಳಲಿಲ್ಲ. “ಏನ್ ರೋಗರೀ ಅಕ್ಕಾರ?” ಎಂದು ಒಬ್ಬಳು ಕೇಳಿದಳು. “ಏನೂ ಇಲ್ಲಮ್ಮ, ಸುಮ್ನೆ ಟೆಸ್ಟ್” ಅಂದೆ. ನನ್ನ ಪುಸ್ತಕದಲ್ಲಿ ನಂಬರು ಮಾತ್ರ ಬರೆದುಕೊಂಡೆ.

ಅರ್ಜಿ ಕೊಡುವ ಕೊನೆಯ ದಿನ ಬಂತು. ಕನ್ನಡದ ಒಪ್ಪಿಗೆ ಪತ್ರದ ಖಾಲಿ ಪ್ರತಿ ಲಗತ್ತಿಸಬೇಕು. ಮುದ್ರಿಸಿದ್ದ ಪ್ರತಿಗಳೆಲ್ಲ ಶೆಡ್ಡಿನಲ್ಲಿ ಖರ್ಚಾಗಿದ್ದವು. ಕಾರ್ಯದರ್ಶಿಯ ಕಂಪ್ಯೂಟರಿನಲ್ಲಿ ಕನ್ನಡ ಫಾಂಟು ಇರಲಿಲ್ಲ. ಪ್ರಿಂಟು ಕೊಟ್ಟರೆ ಚೌಕಗಳು, ಸೊನ್ನೆಗಳು, ಬಾಲವಿರುವ ಇಂಗ್ಲಿಷ್ ಅಕ್ಷರಗಳು ಬಂದವು. ಕನ್ನಡ ನಾಡಿನ ರಾಜಧಾನಿಯ ವಿಶ್ವವಿದ್ಯಾಲಯದಲ್ಲಿ ಒಂದು ಪುಟ ಕನ್ನಡ ಅಚ್ಚಾಗಲಿಲ್ಲ ಎನ್ನುವುದಕ್ಕೆ ಅವತ್ತು ಯಾರಿಗೂ ನಾಚಿಕೆಯಾಗಲಿಲ್ಲ, ನನಗೂ ಆಗಲಿಲ್ಲ. ನಾನು ತುಂಬಿಸಿದ ಪತ್ರಗಳ ಕಟ್ಟಿನಿಂದ ಮೇಲಿನದೊಂದನ್ನು ತೆಗೆದೆ. ಹೆಸರಿನ ಮೇಲೆ ವೈಟ್ನರ್ ಬಳಿದೆ, ಹೆಬ್ಬೆಟ್ಟಿನ ಮೇಲೆ ಎರಡು ಸಲ ಬಳಿದೆ, ಊದಿ ಒಣಗಿಸಿ ಜೆರಾಕ್ಸ್ ಮಾಡಿಸಿ ಹಚ್ಚಿದೆ.

ಮರುದಿನದ ಸಭೆಯಲ್ಲಿ ನಮ್ಮ ಅರ್ಜಿ ಬಂದಾಗ, ತಾವೂ ಕಮಿಟಿಯ ಸದಸ್ಯರಾದ್ದರಿಂದ, ಗೈಡ್ ಸರ್ ನಿಯಮದಂತೆ ಹೊರಗೆ ಹೋಗಿ ಕೂತರು. ಡಾಕ್ಟರುಗಳು ತಮ್ಮತಮ್ಮಲ್ಲೇ ಎರಡು ಮಾತಾಡಿ ಮುಗಿಸಿದರು. ಮುನಿರತ್ನಮ್ಮ ಕನ್ನಡಕ ಇಳಿಸಿ ಓದತೊಡಗಿದರು. ‘ನನಗೆ ಎಲ್ಲವನ್ನೂ ನನ್ನ ಭಾಷೆಯಲ್ಲಿ ವಿವರಿಸಲಾಗಿದೆ. ನಾನು ಯಾರ ಒತ್ತಾಯವೂ ಇಲ್ಲದೆ ಒಪ್ಪಿದ್ದೇನೆ.’ ಅಲ್ಲಿಗೆ ಪತ್ರ ಮುಗಿಯಿತು. ಆಕೆ ಹಾಳೆ ಕೆಳಗಿಡಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದರು.

“ಇಲ್ಲೊಂದು ಎಬ್ಬೆಟ್ಟೈತೆ.”

“ಜೆರಾಕ್ಸ್ ಮಸಿ ಇರ್ಬೇಕು ಬಿಡಿ ಅಮ್ಮ” ಅಂದರು ಕಾರ್ಯದರ್ಶಿ.

“ಇಪ್ಪತ್ತೆಂಟು ವರ್ಷ ತಾಯಂದಿರ ಎಬ್ಬೆಟ್ಟು ಒತ್ತಿಸ್ಕೊಂಡಿವ್ನಿ ಸಾರ್. ಮಸಿ ಯಾವ್ದು ಎಬ್ಬೆಟ್ಟು ಯಾವ್ದು ನಂಗೊತ್ತಾಗಲ್ವಾ? ಸುತ್ತ ಗೆರೆ ಐತೆ, ನಡುವೆ ಅಳಿಸವ್ರೆ. ನಾವಿನ್ನೂ ಊಂ ಅಂದೇ ಇಲ್ಲ, ಇವಳ್ಯಾಕೆ ಆಗ್ಲೇ ಒತ್ತವ್ಳೆ?”

ಆಕೆ ತಿರುಗಿ ಮೂಲೆಯಲ್ಲಿದ್ದ ನನ್ನನ್ನು ನೋಡಿದರು. “ನೀನು ಫೈಲ್ ಜೋಡಿಸ್ದೋಳಲ್ವಾ ಮಗ, ನಿಂಗೇನಾರಾ ಗೊತ್ತಾ?”

ನಾನು “ಇಲ್ಲ ಅಮ್ಮ” ಅಂದೆ.

ಆಕೆ ರುಜು ಹಾಕಲಿಲ್ಲ. ಶೆಡ್ಡಿಗೆ ಹೋಗಿ ವಿಚಾರಿಸಿ ಬನ್ನಿ, ಆಮೇಲೆ ನೋಡೋಣ ಎಂದು ಹೇಳಿ, ಟೀ ಮುಟ್ಟದೆ, ಕೈಚೀಲ ತೆಗೆದುಕೊಂಡು ಹೊರಟರು. ಶೆಡ್ಡಿಗೆ ಯಾರೂ ಹೋಗಲಿಲ್ಲ. ಮೇಸ್ತ್ರಿಗೆ ಒಂದೇ ಒಂದು ಫೋನು ಮಾಡಿದ್ದರೆ ತಿಳಿಯುತ್ತಿತ್ತು. ಅಷ್ಟು ಜನ ಓದಿದವರಲ್ಲಿ ಒಬ್ಬರೂ ಮಾಡಲಿಲ್ಲ. ಅವರಿಗೆ ತಿಳಿಯುವುದು ಬೇಕಿರಲಿಲ್ಲ. ಆ ಸಾಯಂಕಾಲ ಕಾರ್ಯದರ್ಶಿ ನನ್ನನ್ನು ಕರೆದು ನಡಾವಳಿ ಹೇಳಿ ಬರೆಸಿದರು: ‘ಸದಸ್ಯರೊಬ್ಬರು ನಕಲು ಪ್ರತಿ ಸ್ಪಷ್ಟವಾಗಿಲ್ಲವೆಂದು ಅಭಿಪ್ರಾಯಪಟ್ಟರು.’ ನನ್ನ ಕೈಯಲ್ಲೇ ಬರೆದೆ. ಮುಂದಿನ ತಿಂಗಳ ಹೊತ್ತಿಗೆ ಮುನಿರತ್ನಮ್ಮನವರಿಗೆ ಒಂದು ಪತ್ರ ಹೋಗಿತ್ತು: ತಮ್ಮ ಅವಧಿ ಮುಗಿದಿದೆ, ತಮ್ಮ ಅಮೂಲ್ಯ ಸೇವೆಗೆ ವಂದನೆಗಳು. ಆ ಪತ್ರ ಇಂಗ್ಲಿಷಿನಲ್ಲಿತ್ತು.

ಅವರ ಕುರ್ಚಿಗೆ ಸಹಕಾರನಗರದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬಂದರು. ಕಮಿಟಿಯ ಅಧ್ಯಕ್ಷರ ಜೊತೆ ಬೆಳಿಗ್ಗೆ ವಾಕಿಂಗ್ ಹೋಗುವವರು. ಸಾಮಾನ್ಯ ವ್ಯಕ್ತಿ ಎಂದರೆ ಅವರೇ ಅಂತೆ. ಅವರಿಗೆ ಕನ್ನಡದ ಹಾಳೆ ಓದಲು ಪುರುಸೊತ್ತಿರಲಿಲ್ಲ. ಎಂಟು ಅರ್ಜಿಗಳು ಒಂದೇ ಗಂಟೆಯಲ್ಲಿ ಪಾಸಾದವು, ನಮ್ಮದೂ ಸೇರಿ. “ಪಾಪ, ಒಳ್ಳೆ ಹೆಂಗಸು. ಆದ್ರೆ ರಿಸರ್ಚ್ ಅರ್ಥ ಆಗಲ್ಲ ಅವರಿಗೆ” ಎಂದು ಗೈಡ್ ಸರ್ ಸಮೋಸ ಮುರಿಯುತ್ತ ಹೇಳಿದರು. ಆ ಮಾತು ನೆನಪಾದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಆ ಕೋಣೆಯಲ್ಲಿ ಸಂಶೋಧನೆ ಎಂದರೇನೆಂದು ಅರ್ಥವಾಗಿದ್ದುದು ಆಕೆಯೊಬ್ಬರಿಗೇ. ಕಾಗದ ನೋಡಿದರು, ಅನುಮಾನ ಬಂತು, ಬೆಳಕಿಗೆ ಹಿಡಿದರು, ಕಂಡದ್ದನ್ನು ಹೇಳಿದರು. ಮಿಕ್ಕವರು ಮಾಡಿದ್ದಕ್ಕೆ ಬೇರೆ ಹೆಸರಿದೆ. ನಾನು ಮಾಡಿದ್ದಕ್ಕೂ ಇದೆ. ನನಗೆ ಡಾಕ್ಟರೇಟ್ ಬಂತು.

ನಾಲ್ಕು ವರ್ಷ ಬಿಟ್ಟು ನಾನು ಆರ್.ಟಿ. ನಗರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ, ವಿದ್ಯಾರ್ಥಿಗಳಿಗೆ ಒಪ್ಪಿಗೆ ಪತ್ರ ಎಂದರೇನು ಎಂದು ವಿವರಿಸಬೇಕಾಗಿ ಬಂತು. ಅರ್ಧಕ್ಕೇ ಪಾಠ ನಿಲ್ಲಿಸಿ ಅಮೃತಹಳ್ಳಿಯ ಬಸ್ಸು ಹತ್ತಿದೆ. ಎರಡು ಪಿಜಿ ಹಾಸ್ಟೆಲುಗಳ ನಡುವೆ ಅವರ ಹೆಂಚಿನ ಮನೆ ಇನ್ನೂ ಇತ್ತು. ಮುನಿರತ್ನಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತುಂಬ ಇಳಿದುಹೋಗಿದ್ದರು. ಗುರುತು ಹಿಡಿದು, ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಮುಂದೆಯೂ ಒಂದಿಷ್ಟು ಕಾಯಿ ಸುರಿದರು. ಅದೇ ನಮ್ಮ ಕೊನೆಯ ಭೇಟಿ; ಮುಂದಿನ ಅವರೆಕಾಯಿ ಕಾಲಕ್ಕೆ ಅವರು ಇರಲಿಲ್ಲ.

ಸುಲಿಯುತ್ತ ಸುಲಿಯುತ್ತ ಎಲ್ಲ ಹೇಳಿದೆ. ಶೆಡ್ಡು, ಮೇಸ್ತ್ರಿ, ವೈಟ್ನರ್, ನಡಾವಳಿ.

“ಅವತ್ತೇ ಗೊತ್ತಿತ್ತು ಬಿಡು” ಅಂದರು. “ನಿನ್ನ ಉಗುರ್ನಾಗೆ ಬೆಳ್ಳಗೆ ಅಂಟ್ಕೊಂಡಿತ್ತು. ನೀನೇ ಏಳ್ತೀಯೇನೋ ಅಂತ ಕೇಳ್ದೆ.”

“ನಿಮ್ಮನ್ನ ಕಮಿಟಿಯಿಂದ ತೆಗೆದ್ರಲ್ಲ ಅಮ್ಮ, ನನ್ನಿಂದ.”

“ನಂದೇನು, ಮನೇಗೆ ಬಂದೆ. ಅದ್ರಾಗೇನೈತೆ?” ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದರು. “ಆ ಅಳಿಸಿದ್ ಎಬ್ಬೆಟ್ಟಿನ ಎಂಗ್ಸಿಗೆ ಅವಳ ರಕ್ತದಾಗೇನಿತ್ತು ಅಂತ ಏಳಿದ್ರಾ?”

ಹೇಳಿರಲಿಲ್ಲ. ಫಲಿತಾಂಶ ಬರುವಷ್ಟರಲ್ಲಿ ಶೆಡ್ಡು ಕಿತ್ತುಹಾಕಿದ್ದರು. ಹೆಂಗಸರು ಎಲ್ಲಿಗೆ ಹೋದರೋ ಯಾರಿಗೂ ಗೊತ್ತಿರಲಿಲ್ಲ. ಕೆಲವರ ರಕ್ತದಲ್ಲಿ ಇರಬಾರದಷ್ಟು ಸೀಸವಿತ್ತು. ಅದು ನನ್ನ ಪ್ರಬಂಧದ ಒಂದು ಕೋಷ್ಟಕದಲ್ಲಿದೆ. ಆ ಹೆಂಗಸರಲ್ಲಿ ಒಬ್ಬಳಿಗೂ ಗೊತ್ತಿಲ್ಲ.

“ನಾನೀಗ ಹುಡುಕ್ತೀನಿ ಅಮ್ಮ” ಅಂದೆ. ಏನಾದರೂ ಹೇಳಬೇಕಿತ್ತು, ಹೇಳಿದೆ.

“ಉಡುಕು. ಏನವಳ ಎಸರು?”

ನನ್ನ ಪುಸ್ತಕದಲ್ಲಿದ್ದುದು ನಂಬರು. ಮೇಸ್ತ್ರಿ ಗೀಚಿದ ಪತ್ರಗಳ ಕಟ್ಟು ವಿಭಾಗ ಹೊಸ ಕಟ್ಟಡಕ್ಕೆ ಹೋಗುವಾಗ ರದ್ದಿಗೆ ಹೋಗಿತ್ತು. “ಗೊತ್ತಿಲ್ಲ ಅಮ್ಮ” ಅಂದೆ.

ಆಕೆ ಗದರದೆ, ಅಂಗನವಾಡಿಯ ಮಗುವನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದರು.

“ಅಳ್ಸೋಕೆ ಮುಂಚೆ ಒಂದ್ಕಿತನಾದ್ರೂ ಓದ್ಲಿಲ್ವಾ ಮಗ?”

ಓದಿರಲಿಲ್ಲ.