ಡೇಂಜರ್ ಎಂಬ ಪದದ ಹಳೆಯ ಮನೆ

ಕಕ್ಕಿಂಜೆ ದಾಟಿದ ತಿರುವಿನಲ್ಲಿ ಎದುರಿನಿಂದ ಬಂದ ಜೀಪು ನನ್ನ ಸ್ಕೂಟರಿನ ಕನ್ನಡಿಯನ್ನು ಹಾರಿಸಿ, ಹಿಂದಿದ್ದ ಬೈಕಿಗೆ ಬಡಿಯಿತು. ಕಣ್ಣು ಮುಚ್ಚಿದರೆ ಈಗಲೂ ಕನ್ನಡಿ ಒಡೆದ ಸದ್ದೇ ಮೊದಲು ಕೇಳುತ್ತದೆ. ಜೀಪು ಪೂರ್ತಿ ನಮ್ಮ ಬದಿಗೆ ಬಂದಿತ್ತು. ಓಡಿಸುತ್ತಿದ್ದವನು ಆ ಕಡೆಯ ದೊಡ್ಡ ಧಣಿಗಳ ಮಗ. ಬೈಕಿನವನು ಕಾಲು ಮುರಿದು ಆಸ್ಪತ್ರೆ ಸೇರಿದ. ಅವನೇ ಅಡ್ಡ ಬಂದನೆಂದು ಧಣಿಗಳ ಕಡೆಯವರು ಹೇಳತೊಡಗಿದರು. ಅವರಿಬ್ಬರನ್ನು ಬಿಟ್ಟರೆ ನಡೆದದ್ದನ್ನು ಕಂಡವನು ನಾನೊಬ್ಬನೇ.

ಪುತ್ತಿಗೆಯ ನಮ್ಮ ಮನೆಗೆ ಬಂದವರೆಲ್ಲ ‘ದೊಡ್ಡ ಡೇಂಜರಿನಿಂದ ಪಾರಾದೆ’ ಎನ್ನುತ್ತಿದ್ದರು. ಪದ ತಲೆಯಿಂದ ಹೋಗಲೊಲ್ಲದು. ಕಾಲೇಜಿನಲ್ಲಿ ಐಚ್ಛಿಕ ಇಂಗ್ಲಿಷ್ ಓದುವಾಗ ಕೊಂಡಿದ್ದ ನಿಘಂಟು ತೆಗೆದೆ. ‘ಡೇಂಜರ್’ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ಅದಕ್ಕೆ ಒಡೆಯನ ಅಧಿಕಾರ, ಹಾನಿ ಮಾಡಬಲ್ಲ ಅವನ ಶಕ್ತಿ ಎಂಬ ಅರ್ಥ. ಅದರ ಹಿಂದೆ ಲ್ಯಾಟಿನ್ನಿನ ‘ಡೊಮಿನುಸ್’, ಯಜಮಾನ. ಅದಕ್ಕೂ ಹಿಂದೆ ‘ಡೊಮುಸ್’, ಮನೆ. ನಿಜವಾಗಿ ಪಾರಾಗಿದ್ದೇನೆಯೇ ಎಂಬ ಸಂಶಯ ಹುಟ್ಟಿದ್ದು ಆಗ.

ಮರುದಿನವೇ ಧಣಿಗಳು ಹೇಳಿ ಕಳಿಸಿದರು. ಹೋಗದಿದ್ದರೆ ಹೆದರಿದೆನೆಂದು ತಿಳಿಯುತ್ತಾರೆಂದು ಹೋದೆ. ಚಾವಡಿಯಲ್ಲಿ ಕೂರಿಸಿ, ಬೆಲ್ಲದ ತುಂಡು, ಲೋಟದಲ್ಲಿ ನೀರು ತಂದಿಟ್ಟರು. ನಮ್ಮ ಕಡೆ ಯಾರು ಬಂದರೂ ಮೊದಲು ಅದೇ. ಅದನ್ನು ಮುಟ್ಟಿದ ಮೇಲೆ ಆ ಮನೆಯವರ ವಿರುದ್ಧ ಬಾಯಿ ಏಳುವುದಿಲ್ಲ.

“ನಿಮ್ಮ ಮಾವ ಬಂಟ್ವಾಳದಲ್ಲಿ ಹೋಟೆಲ್ ಮಾಡ್ತಾರಲ್ಲ, ನಮಗೆ ಬೇಕಾದವರೇ,” ಎಂದರು ಧಣಿಗಳು. “ಮೊದಲು ನೀರು ಕುಡಿಯಿರಿ, ಮತ್ತೆ ಮಾತಾಡುವ.”

ಮಾವನ ವಿಷಯ ನಾನು ಆ ಕಡೆ ಯಾರಿಗೂ ಹೇಳಿರಲಿಲ್ಲ.

“ಬಾಯಾರಿಕೆ ಇಲ್ಲ,” ಎಂದೆ. ಗಂಟಲು ಒಣಗಿತ್ತು.

“ಈ ಬಿಸಿಲಿಗೆ ಬಾಯಾರಿಕೆ ಆಗದವರು ಸಹ ಉಂಟಾ? ವಿಷ ಹಾಕಲಿಲ್ಲ ಮಾರಾಯ್ರೇ!” ನಕ್ಕರು. ಆಮೇಲೆ ನಗು ನಿಂತಿತು. “ಮಗನಿಗೆ ದುಬಾಯಿಯಲ್ಲಿ ಕೆಲಸ ಆಗಿ ಉಂಟು. ಕೇಸಾದರೆ ಹೋಗ್ಲಿಕ್ಕೆ ಆಗುವುದಿಲ್ಲ. ನಿಮಗೂ ಯಾಕೆ ಸುಮ್ಮನೆ ತೊಂದರೆ?”

ಲೋಟ ಹಾಗೆಯೇ ಬಿಟ್ಟು ಎದ್ದೆ. ಗೇಟು ತಲುಪುವಷ್ಟರಲ್ಲಿ ಮಾವನ ಫೋನು.

“ಎಂಥ ಮಾರಾಯ, ಬೆಲ್ಲ ಸಹ ಮುಟ್ಟಲಿಲ್ಲವಂತೆ? ಕಂಡದ್ದನ್ನೆಲ್ಲ ಹೇಳ್ಲಿಕ್ಕೆ ನೀನೆಂಥ ಟೀವಿಯಾ? ವಾಪಸ್ ಹೋಗಿ ಒಂದು ಗುಟುಕು ಕುಡಿ.”

ತಿರುಗಿ ನೋಡಿದೆ. ಧಣಿಗಳು ಫೋನು ಹಿಡಿದು ನನ್ನನ್ನೇ ನೋಡುತ್ತಿದ್ದರು.

“ಠಾಣೆಗೆ ಹೋಗ್ತೇನೆ ಮಾವ,” ಎಂದೆ. “ಅಡ್ಡ ಬಂದದ್ದು ಜೀಪು.”

ಅಲ್ಲಿಂದ ನೇರ ಹೋಗಿ, ಕಂಡದ್ದನ್ನು ಕಂಡಂತೆ ಬರೆಸಿದೆ. ಮಾವ ಆಮೇಲೆ ಫೋನು ಮಾಡಿಲ್ಲ. ಹಿಂದಿನಿಂದ ಜೀಪಿನ ಸದ್ದು ಬಂದರೆ ನಾನು ಈಗಲೂ ಸ್ಕೂಟರನ್ನು ಬದಿಗೆ ನಿಲ್ಲಿಸಿ, ಅದು ದಾಟುವಾಗ ಒಳಗೆ ಯಾರಿದ್ದಾರೆಂದು ನೋಡುತ್ತೇನೆ.