ಪ್ರಶ್ನೆ ಅಳಿಸುವ ಅಕ್ಕನವರು

ಆಳಂದದ ಒಂದು ಆಸ್ಪತ್ರೆಗೆ ರೋಗಿಗಳ ಅಭಿಪ್ರಾಯ ಬರೆದುಕೊಳ್ಳಲು ಒಬ್ಬ ಅಕ್ಕನವರು ಬರುತ್ತಿದ್ದರು. ಕಿವಿಯ ಮೇಲೆ ಸದಾ ಪೆನ್ಸಿಲ್. ಉತ್ತರಗಳು ಒಂದಕ್ಕೊಂದು ತಾಳೆಯಾಗದಿದ್ದರೆ, "ತಪ್ಪು ನಿಮ್ದಲ್ರಿ, ಸವಾಲಿಂದು" ಎನ್ನುತ್ತ ಪ್ರಶ್ನೆಯನ್ನೇ ಅಳಿಸಿ ಬೇರೆ ಬರೆಯುತ್ತಿದ್ದರು.

ಅಲ್ಲೇ ದಾಖಲಾಗಿದ್ದ ನಮ್ಮಪ್ಪ ಅವರ ರಬ್ಬರ್ ಸವೆಸಿಬಿಟ್ಟ.

"ನೋವು ಕಡಿಮಿ ಆಗ್ಯಾದೇನ್ರಿ?"

"ಹೌದ್ರಿ."

"ನೋವು ಮೊದಲಿನಂಗೇ ಅದೇನ್ರಿ?"

"ಹೌದ್ರಿ."

ಗುಳಿಗೆ ಕೊಟ್ಟ ನರ್ಸ್ ಎದುರಿಗೇ ನಿಂತಿದ್ದಳು. ಕೊಟ್ಟವರ ಮುಂದೆ ಕೊಟ್ಟದ್ದು ಚೆನ್ನಾಗಿಲ್ಲ ಎನ್ನುವ ಜೀವ ಅವನದಲ್ಲ. ಹಲ್ಲು ಕಚ್ಚಿ ಮಲಗುತ್ತಿದ್ದುದನ್ನು ನನಗೂ ಹೇಳಿರಲಿಲ್ಲ.

"ತಪ್ಪು ನಿಮ್ದಲ್ರಿ" ಎಂದು ಅಕ್ಕನವರು ಮತ್ತೆ ಅಳಿಸಿದರು. "ನಿಮ್ಮ ಬೀಗರಿಗೆ ಇದೇ ನೋವು ಬಂದ್ರ, ಇದೇ ಗುಳಿಗಿ ಸಾಕಂತೀರೇನ್ರಿ?"

ಅಪ್ಪ ಎದ್ದೇ ಕುಳಿತ. "ಏ, ಬ್ಯಾಡ್ರಿ! ಇದನ್ನ ನುಂಗಿ ಅವ್ರು ದಿನಾ ಒದ್ದಾಡ್ತಾರ. ಬೀಗರ ಮುಂದ ನನ್ನ ಮಾನ ಹೋಗ್ತದ!"

ಅಕ್ಕನವರು ಅಷ್ಟನ್ನೂ ಬರೆದುಕೊಂಡು ಸೀದಾ ಡಾಕ್ಟರ ಬಳಿ ನಡೆದರು. ಮಧ್ಯಾಹ್ನವೇ ಔಷಧಿ ಬದಲಾಯಿತು.

ಅಪ್ಪ ಉಳಿಯಲಿಲ್ಲ. ಆದರೆ ಕೊನೆಯ ಎಂಟು ದಿನ ನೋವಿಲ್ಲದೆ ದಿಂಬಿಗೊರಗಿ ಕುಳಿತು, ನನ್ನ ಮೀಸೆ, ಅಂಗಿ, ಮೊಬೈಲು ಒಂದನ್ನೂ ಬಿಡದೆ ಬಾಯ್ತುಂಬ ಬೈದ.